ಮಂದವಾದ ಥೈರಾಯಿಡ್ ಗ್ರಂಥಿ: ಪರೀಕ್ಷೆ ಮತ್ತು ಚಿಕಿತ್ಸೆ

ಬೆಳಗಾವಿಯಿಂದ ಚೋರ್ಲಾ ಘಾಟಿಯ ಮಾರ್ಗವಾಗಿ ಗೋವೆಗೆ ಹೋಗುವ ದಾರಿಯಲ್ಲಿ, ಖಾನಾಪುರ ತಾಲ್ಲೂಕಿನ ಕಾಡಿನ ಸೆರಗಿನಲ್ಲಿ, ಜಾಂಬೋಟಿ ಎಂಬ ಊರಿದೆ. ಅಲ್ಲಿಂದ ಇನ್ನೂ ಮುಂದೆ ಸಾಗಿದರೆ ಮಲಪ್ರಭಾ ನದಿಯ ಉಗಮಸ್ಥಾನವಾದ ಕಣಕುಂಬಿ ಸಿಗುತ್ತದೆ. ಸಹ್ಯಾದ್ರಿಯ ಈ ಭಾಗದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಸುರಿಯುವ ಮಳೆಯು ಬಯಲುಸೀಮೆಯವರ ಊಹೆಗೆ ನಿಲುಕುವಂಥದಲ್ಲ. ಬಿದ್ದ ನೀರು ಇಳಿಜಾರಿನಲ್ಲಿ ಹರಿದು ಹಳ್ಳವನ್ನು ಸೇರುತ್ತದೆ, ಹಳ್ಳವು ಹೊಳೆಯನ್ನು ಸೇರುತ್ತದೆ. ಆದರೆ ಈ ನೀರು ಬರಿಗೈಯಲ್ಲಿ ಹೋಗುವುದಿಲ್ಲ. ನೆಲದಲ್ಲಿರುವ, ಕರಗಬಲ್ಲ ಲವಣಗಳನ್ನು ವರ್ಷವರ್ಷವೂ ತನ್ನೊಡನೆ ಕೊಂಡೊಯ್ಯುತ್ತದೆ. ಹೀಗೆ ತೊಳೆದುಹೋಗುವ ವಸ್ತುಗಳಲ್ಲಿ ಅಯೋಡೀನ್ ಒಂದು.

ಸಮುದ್ರವೇ ಅಯೋಡೀನಿನ ದೊಡ್ಡ ಉಗ್ರಾಣ. ಗಾಳಿ ಮಳೆಗಳ ಮೂಲಕ ಅದರ ಅಲ್ಪಭಾಗವು ನೆಲಕ್ಕೆ ಹಿಂದಿರುಗುವುದುಂಟು. ಆದರೆ ಮಳೆ ಹೆಚ್ಚಾಗಿರುವ ಗುಡ್ಡಗಾಡಿನಲ್ಲಿ ಬರುವುದಕ್ಕಿಂತ ಹೋಗುವುದೇ ಹೆಚ್ಚಾಗುವ ಸಂಭವವಿದೆ. ಅಂಥ ನೆಲದಲ್ಲಿ ಬೆಳೆದ ಬತ್ತ, ರಾಗಿ, ಸೊಪ್ಪುಗಳಲ್ಲಿಯೂ ಅಯೋಡೀನ್ ಕಡಿಮೆಯಾಗುತ್ತದೆ. ಅವನ್ನುಂಡು ಬಾಳುವ ಮನುಷ್ಯನ ಕತ್ತಿನಲ್ಲಿರುವ ಒಂದು ಸಣ್ಣ ಗ್ರಂಥಿಗೆ ಇದರಿಂದ ಕಷ್ಟವೊದಗುತ್ತದೆ. ಅದೇ ಥೈರಾಯಿಡ್ ಗ್ರಂಥಿ. ಗಳಗಂಡವೆಂಬ ಕುತ್ತಿಗೆಯ ಬಾವು ಹಿಮಾಲಯದ ತಪ್ಪಲಿಗೆ ಮಾತ್ರ ಸೇರಿದ ರೋಗವೆಂದು ಬಹುಕಾಲ ಭಾವಿಸಲಾಗಿತ್ತು. ಬೆಳಗಾವಿ ಜಿಲ್ಲೆಯ ಗ್ರಾಮಾಂತರ ಭಾಗದಲ್ಲಿ ನಡೆದ ಗಳಗಂಡದ ಸಮೀಕ್ಷೆಯೊಂದು ೨೦೦೯ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಈ ತೊಂದರೆ ನಮ್ಮ ನಾಡಿಗೆ ಪರಕೀಯವಲ್ಲವೆಂಬುದು ಅದರಿಂದಲೂ ತಿಳಿಯುತ್ತದೆ.

ಗಳಗಂಡವು ಕಣ್ಣಿಗೆ ಕಾಣುತ್ತದೆ. ಆದರೆ ಅದೇ ಗ್ರಂಥಿಯು ಕಣ್ಣಿಗೆ ಕಾಣದ ರೀತಿಯಲ್ಲಿ, ಸದ್ದಿಲ್ಲದೆ, ತನ್ನ ಕೆಲಸವನ್ನು ಕಡಿಮೆ ಮಾಡಿಬಿಡುವುದೂ ಉಂಟು. ನಾವು ಈ ಲೇಖನದಲ್ಲಿ ವಿಚಾರಮಾಡಬೇಕೆಂದಿರುವುದು ಮುಖ್ಯವಾಗಿ ಈ ಎರಡನೆಯ ಸಂಗತಿಯನ್ನು. ಮಂದವಾದ ಥೈರಾಯಿಡನ್ನು ಕಣ್ಣಳತೆಯಿಂದ ನಿರ್ಣಯಿಸುವುದು ಸಾಧ್ಯವಿಲ್ಲ. ಅಳೆದು ತಿಳಿಯಬೇಕು, ಅಳೆದು ಔಷಧ ಕೊಡಬೇಕು, ಕೊಟ್ಟ ಮೇಲೆ ಮತ್ತೆ ಅಳೆಯಬೇಕು. ಈ ಮೂರು ಅಳತೆಗಳಲ್ಲಿ ಯಾವುದೊಂದು ತಪ್ಪಿದರೂ, ಸುಲಭವಾಗಿ ಹತೋಟಿಗೆ ಬರುವ ಕಾಯಿಲೆಯೊಂದು ವರ್ಷಗಟ್ಟಲೆ ಮನುಷ್ಯನನ್ನು ಕುಗ್ಗಿಸುತ್ತದೆ.

ಗ್ರಂಥಿಯ ಕೆಲಸ

ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಗಡ್ಡೆಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಈ ಗ್ರಂಥಿ ಇದೆ. ನೋಡುವುದಕ್ಕೆ ರೆಕ್ಕೆ ಬಿಚ್ಚಿದ ಚಿಟ್ಟೆಯಂತಿದ್ದರೂ, ಇದರ ಹೆಸರಿಗೆ ಮೂಲವಾದ ಗ್ರೀಕ್ ಶಬ್ದಕ್ಕೆ ಗುರಾಣಿಯೆಂದು ಅರ್ಥ. ಇದು ನಿರ್ನಾಳ ಗ್ರಂಥಿ. ಎಂದರೆ, ತಾನು ತಯಾರಿಸಿದ ರಸವನ್ನು ನಾಳದ ಮೂಲಕ ಹೊರಕ್ಕೆ ಬಿಡದೆ ನೇರವಾಗಿ ರಕ್ತಕ್ಕೆ ಸೇರಿಸುತ್ತದೆ. ಇಂಥ ರಸಗಳನ್ನು ಹಾರ್ಮೋನುಗಳೆನ್ನುತ್ತೇವೆ.

ಥೈರಾಯಿಡಿನ ಪ್ರಧಾನ ಹಾರ್ಮೋನು ಥೈರಾಕ್ಸಿನ್. ಇದರ ಒಂದೊಂದು ಅಣುವಿನಲ್ಲಿಯೂ ಅಯೋಡೀನಿನ ನಾಲ್ಕು ಪರಮಾಣುಗಳಿವೆ. ಆದುದರಿಂದ ಇದಕ್ಕೆ ಟಿ-೪ ಎಂಬ ಸಂಕ್ಷಿಪ್ತ ನಾಮವುಂಟು. ತೂಕದಲ್ಲಿ ಥೈರಾಕ್ಸಿನ್ನಿನ ಸುಮಾರು ಮೂರರಲ್ಲಿ ಎರಡು ಪಾಲು ಅಯೋಡೀನೇ. ದೇಹದ ಅಂಗಾಂಶಗಳು ಇದರಿಂದ ಒಂದು ಅಯೋಡೀನ್ ಪರಮಾಣುವನ್ನು ತೆಗೆದು, ಇನ್ನೂ ಚುರುಕಾದ ಟಿ-೩ ಎಂಬುದನ್ನು ಪಡೆಯುತ್ತವೆ. ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವಂತೆ, ದೇಹದ ಪ್ರತಿಯೊಂದು ಜೀವಕೋಶವೂ ಎಷ್ಟು ವೇಗದಲ್ಲಿ ಆಹಾರವನ್ನು ದಹಿಸಿ ಶಕ್ತಿಯನ್ನು ಪಡೆಯಬೇಕೆಂಬುದನ್ನು ಈ ಹಾರ್ಮೋನುಗಳು ಗೊತ್ತುಮಾಡುತ್ತವೆ. ಹೃದಯದ ಬಡಿತ, ಕರುಳಿನ ಚಲನೆ, ಮೈಯ ಬಿಸಿ, ಚರ್ಮದ ನುಣುಪು, ಮಕ್ಕಳ ಬೆಳವಣಿಗೆ, ಶಿಶುವಿನ ಮಿದುಳಿನ ವಿಕಾಸ, ಇವೆಲ್ಲವೂ ಇವುಗಳ ಅಂಕೆಯಲ್ಲಿವೆ.

ಇಷ್ಟು ದೊಡ್ಡ ಕೆಲಸಕ್ಕೆ ಬೇಕಾಗುವ ಅಯೋಡೀನ್ ಎಷ್ಟೆಂದು ಲೆಕ್ಕಹಾಕಿದರೆ ಆಶ್ಚರ್ಯವಾಗುತ್ತದೆ. ವಯಸ್ಕನಿಗೆ ದಿನಕ್ಕೆ ೧೫೦ ಮೈಕ್ರೋಗ್ರಾಮು ಸಾಕು. ಮೈಕ್ರೋಗ್ರಾಮೆಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಈ ಲೆಕ್ಕದಲ್ಲಿ ಎಪ್ಪತ್ತು ವರ್ಷ ಬಾಳಿದವನಿಗೆ ಜೀವಮಾನದಲ್ಲೆಲ್ಲ ಬೇಕಾಗುವುದು ನಾಲ್ಕು ಗ್ರಾಮಿಗಿಂತಲೂ ಕಡಿಮೆ! ಆದರೆ ಅದು ಪ್ರತಿದಿನವೂ ಸ್ವಲ್ಪಸ್ವಲ್ಪವಾಗಿ ದೊರೆಯುತ್ತಿರಬೇಕು.

ಮಂದವಾದಾಗ ಆಗುವುದೇನು?

ಜಾಂಬೋಟಿಯ ಕಡೆಯ ಹಳ್ಳಿಯೊಂದರಲ್ಲಿ ಮೂವತ್ತೈದು ವರ್ಷದ ಗೃಹಿಣಿಯೊಬ್ಬಳು ಇದ್ದಾಳೆಂದು ಊಹಿಸಿಕೊಳ್ಳೋಣ. ಮೊದಲು ಲವಲವಿಕೆಯಿಂದ ದುಡಿಯುತ್ತಿದ್ದವಳಿಗೆ ಈಗ ಮಧ್ಯಾಹ್ನದ ಹೊತ್ತಿಗೇ ಆಯಾಸ. ಉಳಿದವರಿಗೆ ಸೆಖೆಯಾದಾಗಲೂ ಇವಳಿಗೆ ಚಳಿ. ಚರ್ಮ ಒಣಗಿದೆ, ಕೂದಲು ಉದುರುತ್ತಿದೆ, ಮುಖ ಸ್ವಲ್ಪ ಊದಿಕೊಂಡಿದೆ, ಧ್ವನಿ ಒಡೆದಿದೆ. ಊಟ ಹೆಚ್ಚಾಗದಿದ್ದರೂ ಮೈತೂಕ ಏರಿದೆ. ಮಲಬದ್ಧತೆ ಬಿಡದು. ಮುಟ್ಟಿನಲ್ಲಿ ರಕ್ತಸ್ರಾವ ಅತಿಯಾಗಿದೆ. ನೆನಪು ಮೊಂಡಾಗಿದೆ, ಯಾವುದರಲ್ಲಿಯೂ ಮನಸ್ಸಿಲ್ಲ.

ಇವುಗಳಲ್ಲಿ ಒಂದೊಂದಕ್ಕೂ ಬೇರೆಬೇರೆ ಕಾರಣಗಳು ಇರಬಹುದೆಂಬುದೇ ಇಲ್ಲಿರುವ ತೊಡಕು. ಆಯಾಸಕ್ಕೆ ದುಡಿಮೆ ಕಾರಣವೆನ್ನುತ್ತಾರೆ, ಬಿಳಿಚಿದ ಮುಖಕ್ಕೆ ರಕ್ತಹೀನತೆ ಕಾರಣವೆನ್ನುತ್ತಾರೆ, ಮಂಕುತನಕ್ಕೆ ಮನೆಯ ಚಿಂತೆ, ಕೂದಲು ಉದುರುವುದಕ್ಕೆ ನೀರು. ಒಬ್ಬರು ಕಬ್ಬಿಣದ ಮಾತ್ರೆ ಕೊಡುತ್ತಾರೆ, ಇನ್ನೊಬ್ಬರು ಟಾನಿಕ್ಕು ಬರೆದುಕೊಡುತ್ತಾರೆ. ರಕ್ತಹೀನತೆ ಇರುವುದು ಸುಳ್ಳೇನೂ ಅಲ್ಲ. ಅತಿಯಾದ ಮುಟ್ಟಿನ ಸ್ರಾವದಿಂದ ಅದು ಬಂದಿರಬಹುದು. ಆದರೆ ಆ ಸ್ರಾವಕ್ಕೇ ಮೂಲವಾಗಿ ಮಂದವಾದ ಥೈರಾಯಿಡ್ ಇದ್ದರೆ, ಬೇರನ್ನು ಬಿಟ್ಟು ಎಲೆಗೆ ನೀರೆರೆದಂತೆ ಆಗುತ್ತದೆ. ಹೀಗೆ ಎಷ್ಟೋ ವರ್ಷಗಳು ಕಳೆದುಹೋಗುತ್ತವೆ. ಬಹಳ ಕಾಲ ಅಲಕ್ಷ್ಯಮಾಡಿದರೆ ನಾಡಿ ನಿಧಾನಿಸಿ, ರಕ್ತದಲ್ಲಿ ಕೊಲೆಸ್ಟರಾಲ್ ಏರಿ, ಹೃದಯಕ್ಕೆ ತೊಂದರೆಯಾಗುವುದುಂಟು. ತೀರ ವಿಷಮಿಸಿದವರು ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವ ಅಪಾಯವೂ ಇದೆ.

ಶಾಲೆಗೆ ಹೋಗುವ ಮಕ್ಕಳಲ್ಲಿ ಇದರ ಮೊದಲ ಗುರುತು ಎತ್ತರದ ಬೆಳವಣಿಗೆ ನಿಲ್ಲುವುದು. ಜೊತೆಯವರೆಲ್ಲ ಬೆಳೆಯುತ್ತಿರುವಾಗ ಒಬ್ಬನು ಮಾತ್ರ ಮುಂದಿನ ಸಾಲಿನಲ್ಲಿಯೇ ಉಳಿದರೆ, ಪಾಠದಲ್ಲಿ ಹಿಂದೆಬಿದ್ದರೆ, ಅವನನ್ನು ಸೋಮಾರಿಯೆಂದು ಬೈಯುವ ಮೊದಲು ರಕ್ತಪರೀಕ್ಷೆ ಮಾಡಿಸುವುದು ಲೇಸು.

ಕಾರಣಗಳು

ಅಯೋಡೀನಿನ ಕೊರತೆ ಒಂದು ಕಾರಣವೆಂದು ಮೇಲೆ ಹೇಳಿದೆವು. ಇದರ ನಿವಾರಣೆಗೆ ನಮ್ಮ ದೇಶದಲ್ಲಿಯೇ ಒಂದು ಪ್ರಸಿದ್ಧ ಪ್ರಯೋಗ ನಡೆಯಿತು. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿಯವರೂ ಅವರ ಸಹೋದ್ಯೋಗಿಗಳೂ ೧೯೫೬ರಲ್ಲಿ ಆರಂಭಿಸಿದ ಈ ಪ್ರಯೋಗದಲ್ಲಿ, ಕಣಿವೆಯ ಕೆಲವು ಭಾಗಗಳಿಗೆ ಅಯೋಡೀನ್ ಬೆರೆಸಿದ ಉಪ್ಪನ್ನೂ ಒಂದು ಭಾಗಕ್ಕೆ ಸಾದಾ ಉಪ್ಪನ್ನೂ ಒದಗಿಸಿದರು. ಅಯೋಡೀನ್ ಉಪ್ಪು ತಿಂದವರಲ್ಲಿ ಗಳಗಂಡ ಸ್ಪಷ್ಟವಾಗಿ ಇಳಿಯಿತು. ೧೯೬೨ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಪ್ರಾರಂಭವಾಯಿತು. ಊಟಕ್ಕೆ ಬಳಸುವ ಉಪ್ಪನ್ನು ಅಯೋಡೀನ್ ಇಲ್ಲದೆ ಮಾರುವುದು ೨೦೦೬ರಿಂದ ದೇಶಾದ್ಯಂತ ನಿಷಿದ್ಧ. ಮನೆಯನ್ನು ಮುಟ್ಟುವ ಉಪ್ಪಿನ ಒಂದು ಗ್ರಾಮಿನಲ್ಲಿ ಕನಿಷ್ಠ ೧೫ ಮೈಕ್ರೋಗ್ರಾಮು ಅಯೋಡೀನ್ ಇರಬೇಕೆಂಬುದು ನಿಯಮ. ದಿನಕ್ಕೆ ೧೦ ಗ್ರಾಮು ಉಪ್ಪು ತಿನ್ನುವವನಿಗೆ ಇದರಿಂದ ೧೫೦ ಮೈಕ್ರೋಗ್ರಾಮು ದೊರೆಯಿತಷ್ಟೆ! ಆದರೆ ಇಂಥ ಉಪ್ಪನ್ನು ತೆರೆದಿಟ್ಟು ಮಳೆಗಾಲದ ತೇವಕ್ಕೆ ಒಡ್ಡಿದರೆ, ಇಲ್ಲವೆ ಒಲೆಯ ಬಿಸಿಗೆ ಹತ್ತಿರವಿಟ್ಟರೆ, ಅಯೋಡೀನ್ ಕ್ರಮೇಣ ನಷ್ಟವಾಗುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ, ಒಣ ಸ್ಥಳದಲ್ಲಿ ಇಡಬೇಕು.

ಹಾಗಾದರೆ ಅಯೋಡೀನ್ ಉಪ್ಪು ತಿನ್ನುವವರಿಗೆ ಈ ಕಾಯಿಲೆ ಬಾರದೆ? ಬರುತ್ತದೆ. ಅಯೋಡೀನ್ ಸಾಕಷ್ಟು ದೊರೆಯುವ ಕಡೆಗಳಲ್ಲಿ ಥೈರಾಯಿಡ್ ಮಂದವಾಗುವುದಕ್ಕೆ ಮುಖ್ಯ ಕಾರಣ ಬೇರೆಯೇ ಆಗಿದೆ. ೧೯೧೨ರಲ್ಲಿ ಜಪಾನಿನ ಹಕಾರು ಹಾಶಿಮೋಟೋ ಎಂಬ ವೈದ್ಯರು ನಾಲ್ವರು ಸ್ತ್ರೀಯರ ಗ್ರಂಥಿಗಳಲ್ಲಿ ರಕ್ತದ ಬಿಳಿಯ ಕಣಗಳು ತುಂಬಿರುವುದನ್ನು ವರ್ಣಿಸಿದರು. ಇದರ ಅರ್ಥವು ೧೯೫೬ರಲ್ಲಿ ಲಂಡನ್ನಿನಲ್ಲಿ ರಾಯಿಟ್, ಡೋನಿಯಾಕ್ ಮತ್ತು ಕ್ಯಾಂಪ್‌ಬೆಲ್ ಅವರ ಸಂಶೋಧನೆಯಿಂದ ತಿಳಿಯಿತು. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಸ್ವಂತ ಗ್ರಂಥಿಯನ್ನು ಶತ್ರುವೆಂದು ಬಗೆದು ನಾಶಮಾಡುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಬಹಳ ಹೆಚ್ಚು; ಕೆಲವು ಮನೆತನಗಳಲ್ಲಿ ತಾಯಿ, ಮಗಳು, ಸೋದರತ್ತೆ ಹೀಗೆ ಹಲವರಲ್ಲಿ ಕಾಣಿಸುತ್ತದೆ. ಇಂಥವರು ಹೆಚ್ಚುಹೆಚ್ಚು ಅಯೋಡೀನ್ ತಿಂದರೆ ಕಾಯಿಲೆ ವಾಸಿಯಾಗುವುದಿಲ್ಲ. ಕೆಲವೊಮ್ಮೆ ಹೆಚ್ಚಾಗುವುದೂ ಉಂಟು. ಶಸ್ತ್ರಕ್ರಿಯೆಯಲ್ಲಿ ಗ್ರಂಥಿಯನ್ನು ತೆಗೆದವರು, ವಿಕಿರಣಶೀಲ ಅಯೋಡೀನಿನ ಚಿಕಿತ್ಸೆ ಪಡೆದವರು, ಲಿಥಿಯಂ, ಅಮಿಯೋಡರೋನ್ ಮುಂತಾದ ಔಷಧಗಳನ್ನು ಸೇವಿಸುವವರು, ಇವರಲ್ಲಿಯೂ ಥೈರಾಯಿಡ್ ಮಂದವಾಗಬಹುದು.

ಈ ಕಾಯಿಲೆ ಎಷ್ಟು ಸಾಮಾನ್ಯ? ಬೆಂಗಳೂರು, ಗೋವೆಗಳೂ ಸೇರಿದಂತೆ ಭಾರತದ ಎಂಟು ನಗರಪ್ರದೇಶಗಳಲ್ಲಿ ೫,೩೭೬ ವಯಸ್ಕರನ್ನು ಸೇರಿಸಿಕೊಂಡ ಅಧ್ಯಯನವೊಂದು ೨೦೧೩ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರಕ್ಕೆ ಸುಮಾರು ೧೧ ಮಂದಿಗೆ ಥೈರಾಯಿಡ್ ಮಂದವಾಗಿತ್ತು. ಇದರಲ್ಲಿ ನೂರಕ್ಕೆ ಮೂರೂವರೆಯಷ್ಟು ಮಂದಿಗೆ ತಮಗೆ ಈ ಕಾಯಿಲೆಯಿದೆಯೆಂಬುದೇ ಅಲ್ಲಿಯವರೆಗೆ ತಿಳಿದಿರಲಿಲ್ಲ. ಆಸ್ಪತ್ರೆಗಳು ಹತ್ತಿರವಿರುವ ನಗರಗಳ ಸ್ಥಿತಿಯೇ ಹೀಗಿರಲು, ಗುಡ್ಡಗಾಡಿನ ಹಳ್ಳಿಗಳ ವಿಷಯದಲ್ಲಿ ನಾವು ಇನ್ನೂ ಎಚ್ಚರವಾಗಿರಬೇಕಾದುದು ನ್ಯಾಯ.

ಬಂಡಿಕಾರನ ಕೂಗು

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ಹಿಂದೆ ಇದು ಸುಲಭವಾಗಿರಲಿಲ್ಲ. ರೋಗಿಯನ್ನು ಉಪವಾಸವಿರಿಸಿ, ಅಲ್ಲಾಡದಂತೆ ಮಲಗಿಸಿ, ಅವನು ಸೇವಿಸುವ ಆಮ್ಲಜನಕವನ್ನು ಅಳೆದು ದೇಹದ ದಹನಕ್ರಿಯೆಯ ವೇಗವನ್ನು ಲೆಕ್ಕಹಾಕುತ್ತಿದ್ದರು. ಆತಂಕದಿಂದ ಉಸಿರಾಟ ಹೆಚ್ಚಾದರೆ ಲೆಕ್ಕ ತಪ್ಪುತ್ತಿತ್ತು. ಆಮೇಲೆ ರಕ್ತದ ಪ್ರೋಟೀನಿಗೆ ಅಂಟಿಕೊಂಡ ಅಯೋಡೀನನ್ನು ಅಳೆಯುವ ಪದ್ಧತಿ ಬಂತು. ಅದಕ್ಕೂ ಮಿತಿಗಳಿದ್ದವು. ಅಮೆರಿಕದ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಅವರು ರಕ್ತದಲ್ಲಿನ ಅತ್ಯಲ್ಪ ಪ್ರಮಾಣದ ಹಾರ್ಮೋನನ್ನು ವಿಕಿರಣಶೀಲ ವಸ್ತುವಿನ ನೆರವಿನಿಂದ ಅಳೆಯುವ ವಿಧಾನವನ್ನು ಕಂಡುಹಿಡಿದ ಮೇಲೆ ದಾರಿ ತೆರೆಯಿತು. ಯಾಲೋ ಅವರಿಗೆ ೧೯೭೭ರಲ್ಲಿ ನೊಬೆಲ್ ಪಾರಿತೋಷಕ ಬಂತು. ಇಂದು ವಿಕಿರಣವಿಲ್ಲದೆಯೇ ಇಂಥ ಅಳತೆ ಮಾಡುವ ಯಂತ್ರಗಳಿವೆ. ತೋಳಿನಿಂದ ತೆಗೆದ ಕೆಲವು ಮಿಲಿಲೀಟರು ರಕ್ತ ಸಾಕು.

ಅಳೆಯುವುದು ಏನನ್ನು? ಥೈರಾಕ್ಸಿನ್ನನ್ನು ಅಳೆಯುವುದು ಸಹಜವೆಂದು ತೋರಬಹುದು. ಆದರೆ ವೈದ್ಯರು ಮೊದಲು ಅಳೆಯುವುದು ಟಿ.ಎಸ್.ಎಚ್. ಎಂಬ ಬೇರೊಂದು ಹಾರ್ಮೋನನ್ನು. ಇದು ಥೈರಾಯಿಡಿನಲ್ಲಿ ಹುಟ್ಟುವುದಿಲ್ಲ. ಮಿದುಳಿನ ಬುಡದಲ್ಲಿ, ಬಟಾಣಿ ಕಾಳಿನಷ್ಟಿರುವ ಪಿಟ್ಯುಯಿಟರಿ ಗ್ರಂಥಿಯಲ್ಲಿ ಹುಟ್ಟಿ, ಥೈರಾಯಿಡಿಗೆ ಕೆಲಸಮಾಡೆಂದು ಆಜ್ಞೆಯಿಡುತ್ತದೆ.

ಇವುಗಳ ಸಂಬಂಧವನ್ನು ಎತ್ತು ಮತ್ತು ಬಂಡಿಕಾರನ ಸಂಬಂಧಕ್ಕೆ ಹೋಲಿಸಬಹುದು. ಎತ್ತು ಸರಿಯಾಗಿ ಎಳೆಯುತ್ತಿದ್ದರೆ ಬಂಡಿಕಾರನು ಆಗೊಮ್ಮೆ ಈಗೊಮ್ಮೆ ಮೆಲ್ಲಗೆ ಗದರುತ್ತಾನೆ. ಎತ್ತು ನಿಧಾನಿಸಿದರೆ ಅವನ ಕೂಗು ಏರುತ್ತದೆ. ಇನ್ನೂ ನಿಧಾನಿಸಿದರೆ ಕೂಗು ಊರಿಗೇ ಕೇಳಿಸುತ್ತದೆ. ಎತ್ತು ಓಡತೊಡಗಿದರೆ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಟಿ.ಎಸ್.ಎಚ್. ಎಂಬುದು ಬಂಡಿಕಾರನ ಕೂಗು. ಆದುದರಿಂದ ಥೈರಾಯಿಡ್ ಇಳಿದಾಗ ಈ ಅಂಕೆ ಏರುತ್ತದೆ. ವರದಿಯಲ್ಲಿ ಟಿ.ಎಸ್.ಎಚ್. ಹೆಚ್ಚಾಗಿದೆಯೆಂದು ಕಂಡು, ತಮ್ಮ ಥೈರಾಯಿಡ್ ಹೆಚ್ಚಾಗಿದೆಯೆಂದು ತಿಳಿಯುವವರು ಅನೇಕರಿದ್ದಾರೆ. ನಿಜಾಂಶವು ಅದಕ್ಕೆ ತದ್ವಿರುದ್ಧ. ವಿದ್ಯಾರ್ಥಿಗಳು ಈ ಲೇಖನದಿಂದ ಒಂದೇ ಒಂದು ಸಂಗತಿಯನ್ನು ನೆನಪಿನಲ್ಲಿಡುವುದಾದರೆ ಇದನ್ನು ಇಡಬೇಕು.

ಈ ಕೂಗು ಬಹಳ ಸೂಕ್ಷ್ಮವಾದುದು. ಥೈರಾಕ್ಸಿನ್ನಿನ ಮಟ್ಟ ಇನ್ನೂ ಎಲ್ಲರಿಗೂ ಹಾಕಿದ ಮಿತಿಯೊಳಗೇ ಇರುವಾಗ, ಆ ವ್ಯಕ್ತಿಗೆ ಅದು ಸಾಲದೆಂಬುದನ್ನು ಪಿಟ್ಯುಯಿಟರಿ ಗುರುತಿಸಿ ಕೂಗನ್ನು ಹೆಚ್ಚಿಸುತ್ತದೆ. ಆದುದರಿಂದಲೇ ಮೊದಲ ಪರೀಕ್ಷೆಯ ಸ್ಥಾನ ಇದಕ್ಕೆ ಸಂದಿದೆ. ಆರೋಗ್ಯವಂತ ವಯಸ್ಕರಲ್ಲಿ ಇದು ಒಂದು ಲೀಟರಿಗೆ ಸುಮಾರು ೦.೪ರಿಂದ ೪ ಮಿಲಿ ಯೂನಿಟ್‌ಗಳ ನಡುವೆ ಇರುತ್ತದೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿ ಸ್ವಲ್ಪ ಬದಲಾಗುವುದರಿಂದ ವರದಿಯಲ್ಲಿಯೇ ಮುದ್ರಿಸಿರುವ ಮಿತಿಯನ್ನು ನೋಡಬೇಕು. ಗರ್ಭಿಣಿಯರಿಗೂ ಶಿಶುಗಳಿಗೂ ಮಿತಿಗಳು ಬೇರೆ.

ಕೂಗು ಏರಿದೆಯೆಂದು ಕಂಡುಬಂದರೆ ಎರಡನೆಯದಾಗಿ ರಕ್ತದಲ್ಲಿ ಸ್ವತಂತ್ರವಾಗಿರುವ ಟಿ-೪ನ್ನು ಅಳೆಯಬೇಕು. ಇಲ್ಲಿ ಮೂರು ಸಂದರ್ಭಗಳುಂಟು. ಟಿ.ಎಸ್.ಎಚ್. ಏರಿ, ಟಿ-೪ ಇಳಿದಿದ್ದರೆ ಥೈರಾಯಿಡ್ ನಿಸ್ಸಂದೇಹವಾಗಿ ಮಂದವಾಗಿದೆ, ಚಿಕಿತ್ಸೆ ಬೇಕು. ಟಿ.ಎಸ್.ಎಚ್. ಏರಿದ್ದರೂ ಟಿ-೪ ಮಿತಿಯೊಳಗಿದ್ದರೆ, ಎತ್ತು ಗದರಿಕೆಯ ಬಲದಿಂದ ಇನ್ನೂ ಹೆಜ್ಜೆಹಾಕುತ್ತಿದೆಯೆಂದು ಅರ್ಥ. ಆಗ ಅವಸರಪಡದೆ ಎರಡು ಮೂರು ತಿಂಗಳ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡಿಸುವುದು ವಾಡಿಕೆ; ಎಷ್ಟೋ ಮಂದಿಯಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ. ೧೦ಕ್ಕಿಂತ ಹೆಚ್ಚಾಗಿಯೇ ಉಳಿದರೆ ಸಾಮಾನ್ಯವಾಗಿ ಔಷಧ ಕೊಡುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೆ ರೋಗಿಯ ವಯಸ್ಸು, ಲಕ್ಷಣಗಳು, ಗರ್ಭಧಾರಣೆಯ ಉದ್ದೇಶ ಇವನ್ನೆಲ್ಲ ವೈದ್ಯರು ತೂಗಿನೋಡುತ್ತಾರೆ. ಮೂರನೆಯ ಸಂದರ್ಭ ಅಪರೂಪವಾದುದು: ಟಿ-೪ ಇಳಿದಿದ್ದರೂ ಟಿ.ಎಸ್.ಎಚ್. ಏರಿಲ್ಲ. ಇಲ್ಲಿ ನಿದ್ರೆಹೋಗಿರುವವನು ಬಂಡಿಕಾರನೇ. ಪಿಟ್ಯುಯಿಟರಿಯ ಕಡೆ ಗಮನ ಕೊಡಬೇಕು. ಟಿ.ಎಸ್.ಎಚ್. ಒಂದನ್ನೇ ನೋಡಿದರೆ ಈ ಕೊನೆಯವರು ತಪ್ಪಿಹೋಗುತ್ತಾರೆ. ಆದ್ದರಿಂದ ಲಕ್ಷಣಗಳು ಬಲವಾಗಿದ್ದಾಗ ಎರಡು ಪರೀಕ್ಷೆಗಳನ್ನೂ ಕೇಳಬೇಕು. ದೇಹವು ತನ್ನ ಗ್ರಂಥಿಯ ಮೇಲೆಯೇ ತಿರುಗಿಬಿದ್ದಿದೆಯೇ ಎಂಬುದನ್ನು ತಿಳಿಯಲು ಟಿ.ಪಿ.ಒ. ಪ್ರತಿಕಾಯದ ಪರೀಕ್ಷೆ ಸಹಾಯಕ.

ಪರೀಕ್ಷೆಗೆ ಹೋಗುವವರು ಇನ್ನೊಂದು ಮಾತನ್ನು ತಿಳಿದಿರಬೇಕು. ಕೂದಲಿಗೂ ಉಗುರಿಗೂ ಒಳ್ಳೆಯದೆಂದು ಮಾರಾಟವಾಗುವ ಮಾತ್ರೆಗಳಲ್ಲಿ ಬಯೋಟಿನ್ ಎಂಬ ಜೀವಸತ್ವ ಹೆಚ್ಚಾಗಿರುತ್ತದೆ. ಇದು ಕೆಲವು ಯಂತ್ರಗಳ ಅಳತೆಯನ್ನು ತಪ್ಪಿಸುತ್ತದೆ. ಕೂದಲು ಉದುರುತ್ತದೆಯೆಂದು ಇಂಥ ಮಾತ್ರೆ ನುಂಗುತ್ತಿರುವವರು ಅದನ್ನು ವೈದ್ಯರಿಗೆ ತಿಳಿಸಿ, ಕೆಲವು ದಿನ ಮೊದಲೇ ನಿಲ್ಲಿಸುವುದು ಅವಶ್ಯ. ಭಾರಿ ಜ್ವರ ಅಥವಾ ಬೇರೆ ತೀವ್ರ ಕಾಯಿಲೆ ಬಂದು ಮಲಗಿದ್ದಾಗ ಮಾಡಿದ ಪರೀಕ್ಷೆಯೂ ದಾರಿತಪ್ಪಿಸಬಹುದು.

ಕುರಿಯ ಗ್ರಂಥಿಯಿಂದ ಮಾತ್ರೆಯವರೆಗೆ

ಚಿಕಿತ್ಸೆಯ ಇತಿಹಾಸ ಸ್ವಾರಸ್ಯವಾಗಿದೆ. ೧೮೯೧ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಜಾರ್ಜ್ ಮರ್ರೆ ಎಂಬ ತರುಣ ವೈದ್ಯನು ಕುರಿಯ ಥೈರಾಯಿಡ್ ಗ್ರಂಥಿಯಿಂದ ತೆಗೆದ ಸಾರವನ್ನು, ಈ ಕಾಯಿಲೆಯಿಂದ ಜಡವಾಗಿದ್ದ ೪೬ ವರ್ಷದ ಸ್ತ್ರೀಗೆ ಚುಚ್ಚಿ ಕೊಟ್ಟನು. ಆಕೆ ಚೇತರಿಸಿಕೊಂಡು, ಚಿಕಿತ್ಸೆಯನ್ನು ಮುಂದುವರಿಸುತ್ತ ಇನ್ನೂ ೨೮ ವರ್ಷ ಬದುಕಿದಳು. ಅಷ್ಟರಲ್ಲಿ ಆಕೆಗಾಗಿ ೮೭೦ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವು. ೧೯೧೪ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನನ್ನು ಶುದ್ಧವಾದ ಹರಳಾಗಿ ಬೇರ್ಪಡಿಸಿದನು. ಮುಂದೆ ಸುಮಾರು ಮೂರು ಟನ್ನಿನಷ್ಟು ಹಂದಿಯ ಗ್ರಂಥಿಗಳಿಂದ ಅವನಿಗೆ ದೊರೆತದ್ದು ಸುಮಾರು ೩೩ ಗ್ರಾಮು ಮಾತ್ರ! ೧೯೨೭ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲಿಯೇ ಸಂಯೋಜಿಸಿದರು. ಇಂದು ನಾವು ನುಂಗುವ ಲಿವೋಥೈರಾಕ್ಸಿನ್ ಮಾತ್ರೆಯಲ್ಲಿರುವುದು ಗ್ರಂಥಿಯು ತಯಾರಿಸುವ ವಸ್ತುವೇ. ಇದು ದೇಹಕ್ಕೆ ಹೊರಗಿನ ಔಷಧವಲ್ಲ. ಕೊರತೆಯಾದುದನ್ನು ತುಂಬಿಕೊಡುವುದಷ್ಟೆ ಇದರ ಕೆಲಸ. ಆದ್ದರಿಂದ, ಒಮ್ಮೆ ಹಿಡಿದರೆ ಬಿಡದ ಚಟವೆಂದು ಇದಕ್ಕೆ ಹೆದರುವುದು ಅರ್ಥವಿಲ್ಲದ ಮಾತು. ಗ್ರಂಥಿ ಚೇತರಿಸಿಕೊಳ್ಳದವರಿಗೆ ಇದು ಜೀವನಪರ್ಯಂತ ಬೇಕು ಎಂಬುದು ನಿಜ. ಅನ್ನವೂ ಹಾಗೆಯೇ ಅಲ್ಲವೆ?

ಪ್ರಮಾಣವನ್ನು ಮೈತೂಕದ ಮೇಲೆ ಲೆಕ್ಕಹಾಕುತ್ತಾರೆ. ಗ್ರಂಥಿ ಸಂಪೂರ್ಣವಾಗಿ ನಿಂತುಹೋದ ವಯಸ್ಕನಿಗೆ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು ೧.೬ ಮೈಕ್ರೋಗ್ರಾಮು. ಅರವತ್ತು ಕಿಲೋ ತೂಗುವವನಿಗೆ ೧೦೦ ಮೈಕ್ರೋಗ್ರಾಮಿನ ಸಮೀಪವಾಯಿತು. ಇದೇ ಪ್ರಮಾಣವನ್ನು ಮೂವತ್ತು ವರ್ಷ ಸೇವಿಸಿದರೂ ಒಟ್ಟು ಒಂದು ಗ್ರಾಮಿಗಿಂತ ಸ್ವಲ್ಪವೇ ಹೆಚ್ಚು. ಮುದುಕರಿಗೂ ಹೃದ್ರೋಗಿಗಳಿಗೂ ಬಹಳ ಕಡಿಮೆ ಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸಬೇಕು. ತಟ್ಟನೆ ಚುರುಕಾದ ದೇಹದ ಬೇಡಿಕೆಯನ್ನು ಅವರ ಹೃದಯ ಪೂರೈಸಲಾರದು.

ಮಾತ್ರೆಯನ್ನು ನುಂಗುವ ಕ್ರಮವೂ ಮುಖ್ಯವಾದುದು. ಬೆಳಗ್ಗೆ ಎದ್ದೊಡನೆ, ಬರಿ ಹೊಟ್ಟೆಯಲ್ಲಿ, ನೀರಿನೊಡನೆ ನುಂಗಿ, ಚಹವನ್ನೂ ತಿಂಡಿಯನ್ನೂ ಅರ್ಧದಿಂದ ಒಂದು ಗಂಟೆಯವರೆಗೆ ತಡೆಯಬೇಕು. ಕಬ್ಬಿಣದ ಮತ್ತು ಸುಣ್ಣದ ಅಂಶದ ಮಾತ್ರೆಗಳು ಕರುಳಿನಲ್ಲಿ ಥೈರಾಕ್ಸಿನ್ನನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತವೆ; ಇವುಗಳ ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು. ನಾವು ಊಹಿಸಿಕೊಂಡ ಗೃಹಿಣಿಯ ಸ್ಥಿತಿಯನ್ನು ಇಲ್ಲಿ ಮತ್ತೆ ನೆನೆಯೋಣ. ಅವಳು ರಕ್ತಹೀನತೆಗೆ ಕಬ್ಬಿಣದ ಮಾತ್ರೆಯನ್ನು ತೆಗೆದುಕೊಳ್ಳುತ್ತಿದ್ದಾಳೆ. ಎರಡನ್ನೂ ಒಟ್ಟಿಗೆ ಬೆಳಗ್ಗೆ ನುಂಗಿದರೆ, ಪರೀಕ್ಷೆ ಸರಿಯಾಗಿದ್ದೂ ಔಷಧ ಸರಿಯಾಗಿದ್ದೂ ಕಾಯಿಲೆ ಮಾತ್ರ ಹಾಗೆಯೇ ಉಳಿಯುತ್ತದೆ. ಥೈರಾಕ್ಸಿನ್ ಬೆಳಗ್ಗೆ, ಕಬ್ಬಿಣ ಮಧ್ಯಾಹ್ನದ ಮೇಲೆ ಎಂದು ಗೊತ್ತುಮಾಡಿಕೊಂಡರೆ ಈ ತೊಡಕು ಪರಿಹಾರವಾಗುತ್ತದೆ.

ಇನ್ನು ಮೂರನೆಯ ಅಳತೆ. ಥೈರಾಕ್ಸಿನ್ ರಕ್ತದಲ್ಲಿ ಬಹಳ ದಿನ ಉಳಿಯುವ ವಸ್ತು. ಅದರ ಅರ್ಧಭಾಗ ಕರಗಿಹೋಗುವುದಕ್ಕೆ ಸುಮಾರು ಒಂದು ವಾರ ಬೇಕು. ಹೊಸ ಪ್ರಮಾಣಕ್ಕೆ ದೇಹವು ಹೊಂದಿಕೊಂಡು, ಬಂಡಿಕಾರನ ಕೂಗು ಹೊಸ ಮಟ್ಟದಲ್ಲಿ ನಿಲ್ಲುವುದಕ್ಕೆ ಆರರಿಂದ ಎಂಟು ವಾರಗಳು ಹಿಡಿಯುತ್ತವೆ. ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿ, ಗುಣ ಕಾಣಲಿಲ್ಲವೆಂದು ಪ್ರಮಾಣವನ್ನು ಏರಿಸುವುದಾಗಲಿ, ಮಾತ್ರೆಯನ್ನು ಬಿಡುವುದಾಗಲಿ ಸರಿಯಲ್ಲ. ಅಂಕೆಯು ಸರಿಹೋದ ಮೇಲೆ ಆರು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ನೋಡಿದರೆ ಸಾಕು. ಮೈ ಹಗುರವಾಯಿತೆಂದು ಮಾತ್ರೆಯನ್ನು ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಹಳೆಯ ಸ್ಥಿತಿಯೇ ಮರಳುತ್ತದೆ. ಬೇಗ ತೆಳ್ಳಗಾಗಬೇಕೆಂದು ಹೆಚ್ಚು ನುಂಗಿದರೂ ಕೇಡೇ: ಹೃದಯದ ಬಡಿತ ತಾಳತಪ್ಪುತ್ತದೆ, ಮೂಳೆಗಳು ಸವೆಯುತ್ತವೆ. ಅಂಥವರಲ್ಲಿ ಟಿ.ಎಸ್.ಎಚ್. ಮಿತಿಗಿಂತ ಕೆಳಗಿಳಿದಿರುತ್ತದೆ, ಎತ್ತು ಹಳ್ಳದ ಕಡೆಗೆ ಓಡುತ್ತಿದೆಯೆಂದು ಅದರಿಂದ ತಿಳಿಯಬೇಕು.

ಅಂಕೆಯು ಸರಿಹೋಗಿ ಕೆಲವು ತಿಂಗಳು ಕಳೆದರೂ ಆಯಾಸ ಹೋಗದಿದ್ದರೆ, ಅದನ್ನು ರೋಗಿಯ ಭ್ರಮೆಯೆಂದು ತಳ್ಳಿಹಾಕಬಾರದು. ರಕ್ತಹೀನತೆ, ಜೀವಸತ್ವಗಳ ಕೊರತೆ, ಸಕ್ಕರೆ ಕಾಯಿಲೆ, ಮನಸ್ಸಿನ ಖಿನ್ನತೆ ಮುಂತಾದ ಬೇರೆ ಕಾರಣಗಳು ಜೊತೆಯಲ್ಲಿಯೇ ಇವೆಯೇ ಎಂದು ಹುಡುಕಬೇಕಾದುದು ವೈದ್ಯರ ಕರ್ತವ್ಯ. ಅದನ್ನು ಕೇಳುವುದು ರೋಗಿಯ ಹಕ್ಕು.

ತಾಯಿ ಮತ್ತು ಶಿಶು

ಎರಡು ಸಂದರ್ಭಗಳಲ್ಲಿ ಮಾತ್ರ ಒಂದೊಂದು ವಾರವೂ ಅಮೂಲ್ಯವಾದುದು. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿನ ಥೈರಾಯಿಡ್ ಇನ್ನೂ ಕೆಲಸಕ್ಕೆ ತೊಡಗಿರುವುದಿಲ್ಲ. ಅದರ ಮಿದುಳಿಗೆ ಬೇಕಾದ ಹಾರ್ಮೋನು ತಾಯಿಯಿಂದಲೇ ಬರಬೇಕು. ಆದಕಾರಣ ಈ ಮಾತ್ರೆ ಸೇವಿಸುವ ಸ್ತ್ರೀಯು ಗರ್ಭಿಣಿಯಾದೊಡನೆ ವೈದ್ಯರನ್ನು ಕಂಡು ಪರೀಕ್ಷೆ ಮಾಡಿಸಬೇಕು. ಸಾಮಾನ್ಯವಾಗಿ ಪ್ರಮಾಣವನ್ನು ನಾಲ್ಕನೆಯ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿ, ಏರಿಸಬೇಕಾಗುತ್ತದೆ. ಬಸುರಿಯು ಔಷಧ ತಿನ್ನಬಾರದೆಂದು ಮನೆಯ ಹಿರಿಯರು ಇದನ್ನು ನಿಲ್ಲಿಸಿಬಿಡುವುದುಂಟು. ಅವರ ಕಾಳಜಿ ಒಳ್ಳೆಯದೇ, ಆದರೆ ಅದರ ಫಲ ಮಗುವಿಗೆ ಹಾನಿ.

ಇನ್ನು ಕೆಲವು ಶಿಶುಗಳು ಹುಟ್ಟುವಾಗಲೇ ಥೈರಾಯಿಡ್ ಇಲ್ಲದೆ, ಅಥವಾ ಮಂದವಾದ ಥೈರಾಯಿಡಿನೊಡನೆ ಹುಟ್ಟುತ್ತವೆ. ಭಾರತದಲ್ಲಿ ಇಂಥವು ಸಾವಿರಕ್ಕೆ ಸುಮಾರು ಒಂದು. ಹುಟ್ಟಿದಾಗ ಇವು ನೋಡಲು ಇತರ ಶಿಶುಗಳಂತೆಯೇ ಇರುತ್ತವೆ. ಲಕ್ಷಣಗಳು ಸ್ಪಷ್ಟವಾಗುವ ಹೊತ್ತಿಗೆ ಮಿದುಳಿಗಾದ ನಷ್ಟವನ್ನು ತುಂಬುವುದು ಕಷ್ಟ. ಹುಟ್ಟಿದ ಕೆಲವು ದಿನಗಳಲ್ಲಿ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಪರೀಕ್ಷಿಸಿ, ಎರಡು ವಾರದೊಳಗೆ ಮಾತ್ರೆಯನ್ನು ಪುಡಿಮಾಡಿ ಕೊಡಲಾರಂಭಿಸಿದರೆ ಮಗು ಎಲ್ಲರಂತೆ ಬೆಳೆದು ಶಾಲೆಗೆ ಹೋಗಬಲ್ಲದು. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ೧೯೭೪ರಲ್ಲಿ ಇಂಥ ಸಾರ್ವತ್ರಿಕ ಪರೀಕ್ಷೆ ಮೊದಲಾಯಿತು. ಹೆರಿಗೆಯಾದ ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲು ಈ ಪರೀಕ್ಷೆ ಆಯಿತೇ ಎಂದು ಕೇಳುವುದು ಪ್ರತಿಯೊಬ್ಬ ತಂದೆತಾಯಿಯರ ಕೆಲಸ.

ನಾವು ಮಾಡಬಹುದಾದುದು

ಮಲಪ್ರಭೆಯ ತಲೆಗಾವಲಿನ ಹಳ್ಳಿಗಳಿಂದ ಖಾನಾಪುರಕ್ಕಾಗಲಿ ಬೆಳಗಾವಿಗಾಗಲಿ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಮಳೆಗಾಲದಲ್ಲಿ ಅದೂ ಸುಲಭವಲ್ಲ. ಆದರೆ ಈ ಕಾಯಿಲೆಯ ಒಂದು ಅನುಕೂಲವನ್ನು ಮರೆಯಬಾರದು: ಇದರ ಪರೀಕ್ಷೆಗೆ ರೋಗಿಯೇ ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ, ಅವನ ರಕ್ತ ಹೋದರೆ ಸಾಕು. ಹತ್ತಿರದ ಆರೋಗ್ಯಕೇಂದ್ರದಲ್ಲಿ ರಕ್ತದ ಮಾದರಿಯನ್ನು ತೆಗೆದು ಕಳುಹಿಸುವ ವ್ಯವ��್ಥೆ ಇದೆಯೇ ಎಂದು ಮೊದಲು ವಿಚಾರಿಸಬೇಕು. ಜಿಲ್ಲಾ ಕೇಂದ್ರವಾದ ಬೆಳಗಾವಿಯಲ್ಲಿ ೧೯೬೩ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜೂ, ೨೦೦೫ರಲ್ಲಿ ಸ್ಥಾಪಿತವಾದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇವೆ. ಲಿವೋಥೈರಾಕ್ಸಿನ್ ನಮ್ಮ ದೇಶದ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿದೆ, ದುಬಾರಿಯಾದ ಮಾತ್ರೆಯಲ್ಲ.

ಪ್ರೌಢಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ವಾಚಕರು ತಮ್ಮ ಮನೆಯಲ್ಲಿ ವರದಿಯನ್ನು ಓದಬಲ್ಲ ಮೊದಲಿಗರಾಗಿರಬಹುದು. ಬಹುದಿನದ ಆಯಾಸಕ್ಕೆ ಟಾನಿಕ್ಕು ಕುಡಿಯುತ್ತಿರುವ ತಾಯಿಯನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ, ಟಿ.ಎಸ್.ಎಚ್. ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ವಿನಯದಿಂದ ಕೇಳಬಹುದು. ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಒಂದು ಹಾಳೆಯಲ್ಲಿ ದಿನಾಂಕ, ಟಿ.ಎಸ್.ಎಚ್., ಟಿ-೪, ಮಾತ್ರೆಯ ಪ್ರಮಾಣ ಎಂಬ ನಾಲ್ಕು ಅಂಕಣಗಳನ್ನು ಎಳೆದು ಬರೆದಿಟ್ಟರೆ, ಯಾವ ಊರಿನ ಯಾವ ವೈದ್ಯರಾದರೂ ಒಂದೇ ನೋಟದಲ್ಲಿ ಕಾಯಿಲೆಯ ನಡಿಗೆಯನ್ನು ಅರಿಯಬಲ್ಲರು. ಕುರಿಯ ಗ್ರಂಥಿಗಳನ್ನು ನೂರುಗಟ್ಟಲೆ ಹುಡುಕಬೇಕಾಗಿದ್ದ ಕಾಲವು ಕಳೆದಿದೆ. ಒಂದು ಶೀಷೆ ರಕ್ತ, ಒಂದು ಸಣ್ಣ ಮಾತ್ರೆ, ಒಂದು ಹಾಳೆ ಕಾಗದ: ಇಷ್ಟರಿಂದ ಮರಳಿ ಪಡೆಯಬಹುದಾದ ಆರೋಗ್ಯವನ್ನು, ಕೇಳಲಿಲ್ಲವೆಂಬ ಒಂದೇ ಕಾರಣದಿಂದ ಯಾರೂ ಕಳೆದುಕೊಳ್ಳಬೇಕಾಗಿಲ್ಲ.